ಹಾಜರಿ ಪುಸ್ತಕ ರದ್ದಿಗೆ ಹಾಕಿದ ಮೇಲೆ

ಎಂಬಿಎ ಮುಗಿಸಿ ಕಾರ್ಖಾನೆಗಳ ಎಚ್.ಆರ್. ವಿಭಾಗಕ್ಕೆ ಸೇರುವ ಹುಡುಗ ಹುಡುಗಿಯರು ಆಗಾಗ ಬೈಲಹೊಂಗಲದ ನಮ್ಮ ಮನೆಗೆ ಬರುತ್ತಾರೆ. ಅವರ ತಂದೆಯೋ ಮಾವನೋ ನನಗೆ ಪರಿಚಯದವರಾಗಿದ್ದು, ‘ಸಾಹೇಬರನ್ನ ಒಮ್ಮಿ ಕಂಡು ಬಾ’ ಎಂದು ಕಳಿಸಿರುತ್ತಾರೆ. ಚಹಾ ಕುಡಿಯುತ್ತ, ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂದು ಕೇಳುತ್ತಾರೆ. ಅದರಲ್ಲಿ ಕಲಿಯುವಂಥದ್ದು ಏನೂ ಇಲ್ಲ. ಮೇಲಿನವರು ನಿವೃತ್ತರಾದರು, ನಾನು ಮೇಲೆ ಹೋದೆ. ಕಲಿಯಬೇಕೆಂದರೆ ನಾನು ಮಾಡಿದ ತಪ್ಪುಗಳಿಂದ ಕಲಿಯಬೇಕು, ಅದರಲ್ಲೂ ಒಂದು ತಪ್ಪಿನಿಂದ. ಅದನ್ನು ಬಾಯಲ್ಲಿ ಹೇಳುವಾಗ ಪ್ರತಿ ಸಲವೂ ನನಗೆ ಅನುಕೂಲವಾಗುವಂತೆ ಸ್ವಲ್ಪ ತಿರುಗಿಸುತ್ತೇನೆ ಎಂಬುದು ನನ್ನ ಹೆಂಡತಿಯ ತಕರಾರು. ಹಾಗಾಗಿ ಬರೆದೇ ಇಡುತ್ತಿದ್ದೇನೆ.

ನಾನು ಸಿಬ್ಬಂದಿ ವಿಭಾಗದ ಮುಖ್ಯಸ್ಥನಾಗಿದ್ದದ್ದು ಒಂದು ಖಾಸಗಿ ಸಕ್ಕರೆ ಕಾರ್ಖಾನೆಯಲ್ಲಿ. ಹೆಸರು ಬೇಡ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಕಡೆ ಅದರ ಕಬ್ಬಿನ ವಿಭಾಗದ ಕಚೇರಿಗಳಿದ್ದವು. ಸಕ್ಕರೆ ಕಾರ್ಖಾನೆಯಲ್ಲಿ ಎರಡು ಬಗೆಯ ಜನ. ವರ್ಷವಿಡೀ ಕೆಲಸವಿರುವ ಕಾಯಂ ನೌಕರರು ಸ್ವಲ್ಪ, ಕಬ್ಬು ನುರಿಸುವ ತಿಂಗಳುಗಳಲ್ಲಷ್ಟೇ ಕೆಲಸವಿರುವ ಹಂಗಾಮಿ ನೌಕರರು ಬಹಳ. ಹಂಗಾಮು ಮುಗಿದು ಮಿಲ್ಲು ನಿಂತಿತೆಂದರೆ ಹಂಗಾಮಿಯವರು ಗಂಟುಮೂಟೆ ಕಟ್ಟಿಕೊಂಡು ಗೋವಾಕ್ಕೋ ಕೊಲ್ಲಾಪುರಕ್ಕೋ ದುಡಿಯಲು ಹೋಗುತ್ತಿದ್ದರು. ಬಾಯ್ಲರ್‌ಗೆ ಬೆಂಕಿ ಹಾಕಿ ಪೂಜೆ ಮಾಡುವ ದಿನ ಮತ್ತೆ ಬಂದು ಗೇಟಿನ ಒಳಗೆ ನಿಲ್ಲುತ್ತಿದ್ದರು.

ಆ ದಿನ ಹಾಜರಿ ಕೂಗುವುದು ನಮ್ಮ ಟೈಮ್‌ಕೀಪರ್ ಮಾಬೂಸಾಬರ ಕೆಲಸ. ಸವದತ್ತಿಯವರು, ತೆಳ್ಳಗಿನ ಆಳು, ದೊಡ್ಡ ದನಿ. ಬಟ್ಟೆ ಹೊದಿಸಿದ ಉದ್ದನೆಯ ಪುಸ್ತಕ ತೆರೆದು ಒಂದೊಂದೇ ಹೆಸರು ಕೂಗುತ್ತಿದ್ದರು. ಹೆಸರಿನವನು ‘ಅದೀನ್ರಿ’ ಎನ್ನುತ್ತಿದ್ದ, ಇದ್ದೇನೆ ಎಂದು. ಯಾರಾದರೂ ಬರದಿದ್ದರೆ ಅವನ ಹಿಂದಿನ ಹೆಸರಿನವನು, ಅಂದರೆ ಪುಸ್ತಕದಲ್ಲಿ ಅವನ ಕೆಳಗಿರುವವನು, ಉತ್ತರ ಕೊಡಬೇಕು. ಇದನ್ನು ಯಾರೂ ಆದೇಶ ಮಾಡಿರಲಿಲ್ಲ, ಹಾಗೇ ನಡೆದುಕೊಂಡು ಬಂದಿತ್ತು. ‘ಅಂವಗ ಜ್ವರಾ ಬಂದಾವ್ರಿ, ಸೋಮವಾರ ಬರತಾನ’, ‘ಅಂವನ ಮಗಳ ಬಾಣಂತನ ಐತ್ರಿ’, ಹೀಗೆ. ಹಿಂದಿನವನಿಗೆ ಮುಂದಿನವನ ಮನೆಯ ಸುದ್ದಿ ಗೊತ್ತಿರಲೇಬೇಕು. ತನ್ನ ನಂಬರ್ ಎಷ್ಟು ಎಂದು ಕೇಳಿದರೆ ಯಾವನೂ ಹೇಳುತ್ತಿರಲಿಲ್ಲ, ಆದರೆ ತನ್ನ ಮುಂದಿನವ ಯಾರು ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತಿದ್ದ. ನಾನು ಇದನ್ನು ವರ್ಷಗಟ್ಟಲೆ ನೋಡಿದೆ. ನೋಡಿ, ಹಳ್ಳಿಯವರ ಪದ್ಧತಿ ಎಂದುಕೊಂಡು ಸುಮ್ಮನಾದೆ.

ನಮ್ಮ ಎಂ.ಡಿ. ಬಾಯ್ಲರ್ ಮನೆಯಿಂದಲೇ ಮೇಲೆ ಬಂದ ಹಳೆಯ ಇಂಜಿನಿಯರ್. ಮಾತು ಕಡಿಮೆ. ಒಂದು ದಿನ ನನ್ನನ್ನು ಕರೆದು, ಸಿಬ್ಬಂದಿ ವಿಭಾಗದ ಎಲ್ಲ ಕೆಲಸವನ್ನೂ ಕಂಪ್ಯೂಟರ್‌ಗೆ, ಮೊಬೈಲ್‌ಗೆ ತರಬೇಕು, ಮೂರು ವರ್ಷದ ಯೋಜನೆ ಮಾಡಿಕೊಂಡು ಬನ್ನಿ ಎಂದರು. ನನಗೆ ಹಿಗ್ಗು. ಪುಣೆಯ ಒಂದು ಸಾಫ್ಟ್‌ವೇರ್ ಕಂಪನಿಯನ್ನು ಗೊತ್ತು ಮಾಡಿದೆವು. ಅಲ್ಲಿಂದ ಬಂದವಳು ಮೇಧಾ, ಹುಬ್ಬಳ್ಳಿಯ ಹುಡುಗಿ, ಕೆಲಸದಲ್ಲಿ ಬಹಳ ಚುರುಕು. ನಾವಿಬ್ಬರೂ ಕೂತು ಅರವತ್ತು ಸ್ಲೈಡುಗಳ ಯೋಜನೆ ಸಿದ್ಧಪಡಿಸಿದೆವು. ಬಾಣಗಳು, ವೃತ್ತಗಳು, ಮೆಟ್ಟಿಲುಗಳು, ಎಲ್ಲ ಇಂಗ್ಲಿಷಿನಲ್ಲಿ. ಎಂ.ಡಿ. ಪೂರ್ತಿ ನೋಡಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

“ಹೊಸಾ ಮಷೀನ್ ಕೂಡಸಾಕ ಹೊಂಟೀರಿ, ಛಲೋ ಆತು. ಹಳೇ ಮಷೀನ್ ಏನೇನ ಕೆಲಸ ಮಾಡತಿತ್ತು, ಎಲ್ಲಾ ಬರಕೊಂಡೀರೇನು?”

“ಬರಕೊಂಡೇನ್ರಿ ಸರ್,” ಎಂದೆ. ಬರೆದುಕೊಂಡದ್ದು ಹಾಜರಿ, ರಜೆ, ಪಗಾರ, ಇಷ್ಟೇ. ಉಳಿದದ್ದೂ ಇದೆ ಎಂದು ಆಗ ನನಗೆ ಹೊಳೆಯಲೇ ಇಲ್ಲ.

ಯೋಜನೆ ಮಾಡುವುದು ಸುಲಭ, ಅದನ್ನು ಜನರಿಗೆ ಹೇಳುವುದು ಕಷ್ಟ. ನಾನು ಮೊದಲು ಮಾಡಿದ ಕೆಲಸವೆಂದರೆ ಗೇಟಿಗೆ ಒಂದು ಸೂಚನೆ ಅಂಟಿಸಿದ್ದು. ‘ಮಾನವ ಸಂಪನ್ಮೂಲ ತಂತ್ರಜ್ಞಾನ ಕಾರ್ಯತಂತ್ರದ ಅನುಷ್ಠಾನದ ಪ್ರಯುಕ್ತ ಸಮಸ್ತ ಸಿಬ್ಬಂದಿಯ ದತ್ತಾಂಶವನ್ನು ಕ್ರೋಡೀಕರಿಸಲಾಗುವುದು’ ಎಂದು ಬರೆದಿದ್ದೆ. ಬರೆದು, ಎಷ್ಟು ಚೆಂದ ಬಂದಿದೆ ಎಂದು ಎರಡು ಸಲ ಓದಿಕೊಂಡಿದ್ದೆ. ಮಧ್ಯಾಹ್ನದ ಪಾಳಿ ಬದಲಾಗುವಷ್ಟರಲ್ಲಿ ಮಂದಿಯನ್ನು ಕಡಿಮೆ ಮಾಡುತ್ತಾರೆ ಎಂಬ ಸುದ್ದಿ ಕಬ್ಬಿನ ಗಾಡಿಗಳ ಜೊತೆಗೇ ರಾಮದುರ್ಗ ಮುಟ್ಟಿತ್ತು. ಮರುದಿನ ಅಲ್ಲಿನ ಕಚೇರಿಯಿಂದ ಫೋನು: “ಸಾಹೇಬ್ರ, ಎಷ್ಟ ಮಂದೀನ್ನ ತಗೀತೀರಿ ಅಂತ ಹೇಳಿಬಿಡ್ರಿ, ಸುಮ್ನ ಯಾಕ ಜೀವಾ ತಿಂತೀರಿ?” ನಾನು ಯಾರನ್ನೂ ತೆಗೆಯುವುದಿಲ್ಲ ಎಂದೆ. ಹಾಗಾದರೆ ಅಷ್ಟುದ್ದ ಯಾಕೆ ಬರೆದಿರಿ ಎಂದು ಅವರು ಕೇಳಿದರು.

ಸೂಚನೆ ಕಿತ್ತುಹಾಕಿದೆ. ನಾಲ್ಕೂ ಕಚೇರಿಗಳಿಗೆ ನಾನೇ ಹೋದೆ. ಅರವತ್ತು ಸ್ಲೈಡು ಮನೆಯಲ್ಲಿ ಬಿಟ್ಟು ಒಂದು ಹಾಳೆಯಲ್ಲಿ ನಾಲ್ಕು ಮಾತು ಬರೆದುಕೊಂಡೆ: ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ, ನೀವು ಏನು ಮಾಡಬೇಕು, ತಪ್ಪಾದರೆ ಯಾರನ್ನು ಕೇಳಬೇಕು. ನಾಲ್ಕನೆಯದರ ಎದುರು ನನ್ನ ಹೆಸರನ್ನೂ ಫೋನ್ ನಂಬರನ್ನೂ ಬರೆದೆ. ಈಗ ಸೇರುವವರಿಗೆ ಇದೊಂದನ್ನು ಒತ್ತಿ ಹೇಳುತ್ತೇನೆ. ನಿಮ್ಮ ಹೆಸರಿಲ್ಲದ ಸೂಚನೆಯನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು.

ಕಾರ್ಖಾನೆಯ ಗೇಟಿನ ಹತ್ತಿರ ಹೀಗೇ ನಿಂತು ಹೇಳುತ್ತಿದ್ದಾಗ ಬಾಯ್ಲರ್ ಮನೆಯ ಯಲ್ಲಪ್ಪ ಕೈಯೆತ್ತಿದ. ಕಟಕೋಳದವನು. ಹಂಗಾಮಿ ನೌಕರ, ಮೀಸೆ ನರೆತಿತ್ತು.

“ಸಾಹೇಬ್ರ, ನಿಮ್ಮ ಕಂಪ್ಯೂಟರ್‌ನ್ಯಾಗ ನನ್ನ ಹೆಸರು ಎಲ್ಲಿ ಬರತೈತ್ರಿ?”

“ಎಲ್ಲಾರ ಹೆಸರೂ ಬರತೈತಿ ಯಲ್ಲಪ್ಪ. ಒಬ್ಬಂದೂ ಬಿಡಂಗಿಲ್ಲ.”

ಅವನು ಇನ್ನೇನೋ ಕೇಳುವವನಿದ್ದ. ನಾನು ಮುಂದಿನ ಮಾತಿಗೆ ಹೋಗಿಬಿಟ್ಟೆ. ಅವನು ಕೇಳಿದ್ದು ‘ಎಲ್ಲಿ’ ಎಂದು, ನಾನು ಕೊಟ್ಟ ಉತ್ತರ ‘ಬರುತ್ತದೆ’ ಎಂದು. ಇದು ತಿಳಿಯಲು ನನಗೆ ಒಂದೂವರೆ ವರ್ಷ ಬೇಕಾಯಿತು.

ಮೊದಲ ಪೆಟ್ಟು ಬಿದ್ದದ್ದು ಕಿತ್ತೂರಿನಲ್ಲಿ. ಅಲ್ಲಿನ ಫೀಲ್ಡ್‌ಮನ್‌ಗಳು ಹೊಲ ಹೊಲ ತಿರುಗಿ ಕಬ್ಬು ನೋಡುವವರು. ಅವರಿಗೆ ಮೊಬೈಲ್ ಹಾಜರಿ ಕೊಟ್ಟಿದ್ದೆವು, ಎಲ್ಲಿದ್ದಾರೆ ಎಂಬುದೂ ಅದರಲ್ಲಿ ಕಾಣುತ್ತಿತ್ತು. ಒಂದು ವಾರ ನೋಡಿದೆ, ಐದೂ ಮಂದಿ ಬೆಳಗಿನಿಂದ ಸಂಜೆಯವರೆಗೆ ಬಸ್ ನಿಲ್ದಾಣದ ಹತ್ತಿರದ ಒಂದೇ ಚಹಾದ ಹೋಟೆಲಿನಲ್ಲಿ. ಸಿಟ್ಟು ನೆತ್ತಿಗೇರಿತು. ಜೀಪು ತೆಗೆದುಕೊಂಡು ಹೋದೆ. ಹೋಟೆಲಿನಲ್ಲಿ ಅವರು ಒಬ್ಬರೂ ಇರಲಿಲ್ಲ. ಮಾಲೀಕ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆ ಎಳೆದು ತೋರಿಸಿದ, ಐದು ಮೊಬೈಲು ಸಾಲಾಗಿ ಮಲಗಿದ್ದವು. ಮಧ್ಯಾಹ್ನ ಊಟಕ್ಕೆ ಬಂದ ಒಬ್ಬ ಫೀಲ್ಡ್‌ಮನ್‌ನನ್ನು ಹಿಡಿದು ದಬಾಯಿಸಿದೆ. ಅವನ ಕಾಲಿಗೆ ಮೊಣಕಾಲಿನ ತನಕ ಕೆಸರು.

“ಹೊಲದಾಗ ರೇಂಜ್ ಇರೂದಿಲ್ರಿ ಸಾಹೇಬ್ರ. ಹೊಲಕ್ಕ ಹೋದ್ರ ಗೈರುಹಾಜರಿ ಬೀಳತೈತಿ, ಹೋಟೆಲ್‌ನ್ಯಾಗ ಇದ್ರ ಹಾಜರಿ ಬೀಳತೈತಿ. ಕೆಲಸಾನೂ ಆಗಬೇಕು, ಹಾಜರೀನೂ ಬೀಳಬೇಕು. ನಾವರ ಏನ ಮಾಡೂಣ್ರಿ?”

ನನಗೆ ನಗು ಬಂತು, ನಾಚಿಕೆಯೂ ಆಯಿತು. ಮೇಧಾಗೆ ಹೇಳಿ, ರೇಂಜ್ ಇಲ್ಲದ ಕಡೆ ಒತ್ತಿದ ಹಾಜರಿ ಮೊಬೈಲಿನಲ್ಲೇ ಉಳಿದು ಆಮೇಲೆ ಹೋಗುವಂತೆ ಮಾಡಿಸಿದೆ. ಫೀಲ್ಡ್‌ಮನ್‌ಗಳಿಗೆ ಚಹಾ ಕುಡಿಸಿ ಕ್ಷಮೆ ಕೇಳಿದೆ. ತಪ್ಪು ಒಪ್ಪಿಕೊಂಡ ಮೇಲೆ ಆ ಐದೂ ಜನ ನನ್ನ ಯೋಜನೆಗೆ ಬೇರೆಲ್ಲರಿಗಿಂತ ಹೆಚ್ಚು ಪ್ರಚಾರ ಮಾಡಿದರು. ಇಲ್ಲಿಗೆ ನಾನು ಕಲಿತೆ ಎಂದುಕೊಂಡೆ. ಕಲಿತಿರಲಿಲ್ಲ.

ಹಂಗಾಮಿ ನೌಕರರ ವಿವರಗಳನ್ನು ಹಾಜರಿ ಪುಸ್ತಕದಿಂದ ಕಂಪ್ಯೂಟರ್‌ಗೆ ಏರಿಸುವಾಗ ಮೇಧಾ ಒಂದು ಸಲ ತಲೆಯೆತ್ತಿ ಕೇಳಿದಳು. “ಸರ್, ಇವರೆಲ್ಲರ ಸೇರಿದ ತಾರೀಖು ಒಂದೇ ಇದೆಯಲ್ಲ, ಇದು ಸರಿಯೇ?” ಪುಸ್ತಕದಲ್ಲಿ ಪ್ರತಿ ಹಂಗಾಮಿಗೂ ಬಾಯ್ಲರ್ ಪೂಜೆಯ ದಿನವನ್ನೇ ಎಲ್ಲರ ಹೆಸರಿನ ಮುಂದೆ ಬರೆದಿರುತ್ತಿದ್ದರು. ಮರುದಿನ ಆಡಳಿತ ಮಂಡಳಿಗೆ ನಾನು ಪ್ರಗತಿ ತೋರಿಸಬೇಕಿತ್ತು. “ಸರಿ ಐತಿ, ಮುಂದ ನಡಿಯವ್ವ,” ಎಂದೆ. ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಜೋಡಿಸಿ ಒಬ್ಬೊಬ್ಬರಿಗೂ ಒಂದು ಸಂಖ್ಯೆ ಕೊಡಲು ಹೇಳಿದವನೂ ನಾನೇ. ಹುಡುಕಲು ಸುಲಭ ಎಂದು.

ಆಮೇಲೆ ಪುಸ್ತಕಗಳು. ಪ್ರಗತಿಯ ಕೊನೆಯ ಸ್ಲೈಡಿಗೆ ಖಾಲಿ ಕಪಾಟಿನ ಒಂದು ಫೋಟೋ ಇರಬೇಕೆಂದು ನನ್ನ ಆಸೆ. ಕಾಗದವಿಲ್ಲದ ಕಚೇರಿ ಎಂದು ಅದರ ಕೆಳಗೆ ಬರೆಯುವುದು. ಟೈಮ್ ಆಫೀಸಿಗೆ ಹೋಗಿ, ಹಳೆಯ ಹಾಜರಿ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿ ಎಂದೆ. ಮಾಬೂಸಾಬರು ಕಪಾಟಿನ ಮುಂದೆ ನಿಂತರು.

“ಸಾಹೇಬ್ರ, ಇನ್ನೊಂದ ಹಂಗಾಮ ಇರಲಿ ಬಿಡ್ರಿ. ಅವೇನ ಅನ್ನಾ ಕೇಳತಾವೇನ್ರಿ?”

“ಎಲ್ಲಾ ಕಂಪ್ಯೂಟರ್‌ನ್ಯಾಗ ಐತ್ರಿ ಮಾಬೂಸಾಬ. ನೀವು ಹಳೇದಕ್ಕ ಭಾಳ ಅಂಟಕೋತೀರಿ.”

ಅವರು ಪಕ್ಕಕ್ಕೆ ಸರಿದರು. ಪುಸ್ತಕಗಳು ಗೋಣಿಚೀಲದಲ್ಲಿ ಹೋದವು. ಫೋಟೋ ಚೆನ್ನಾಗಿ ಬಂತು. ಮಾಬೂಸಾಬರು ಅದೇ ವರ್ಷ ನಿವೃತ್ತರಾದರು. ಅವರ ಬೀಳ್ಕೊಡುಗೆಯಲ್ಲಿ ನಾನು ಕಂಪ್ಯೂಟರ್ ಬಗ್ಗೆಯೇ ಹೆಚ್ಚು ಮಾತಾಡಿದೆ ಎಂದು ಆಮೇಲೆ ಯಾರೋ ಹೇಳಿದರು.

ಮುಂದಿನ ಹಂಗಾಮಿನಲ್ಲಿ ಬಾಯ್ಲರ್ ಮನೆಯಲ್ಲಿ ಒಂದು ಕಾಯಂ ಜಾಗ ಖಾಲಿಯಾಯಿತು. ನಮ್ಮಲ್ಲಿ ಅಂಥ ಜಾಗ ಹಂಗಾಮಿಯವರಲ್ಲಿ ಎಲ್ಲರಿಗಿಂತ ಹಿರಿಯನಿಗೆ ಹೋಗಬೇಕು. ಮೊದಲಾದರೆ ನಾನು ಮಾಬೂಸಾಬರನ್ನು ಕರೆದು ‘ಯಾರ ಪಾಳಿ?’ ಎಂದು ಕೇಳುತ್ತಿದ್ದೆ, ಅವರು ಒಂದು ಹೆಸರು ಹೇಳುತ್ತಿದ್ದರು, ಎಂದೂ ತಕರಾರು ಬಂದಿರಲಿಲ್ಲ. ಈ ಸಲ ಬಟನ್ ಒತ್ತಿದೆ. ಜ್ಯೇಷ್ಠತಾ ಪಟ್ಟಿ ಒಂದು ನಿಮಿಷದಲ್ಲಿ ಬಂತು. ಮೇಲಿದ್ದ ಹೆಸರು ಅಡಿವೆಪ್ಪ, ಕಬ್ಬು ಅರೆಯುವ ಮಿಲ್ ಹೌಸಿನವನು. ಆದೇಶಕ್ಕೆ ಸಹಿ ಮಾಡಿ ಅವನನ್ನು ಕರೆಸಿ ಕೈಗೆ ಕೊಟ್ಟೆ.

“ನನಗೇನ್ರಿ?” ಎಂದ. ಹೌದೆಂದೆ. ಕಾಗದ ತಿರುಗಿಸಿ ನೋಡಿ ಮತ್ತೊಮ್ಮೆ “ಇದು ನನಗೇನ್ರಿ ಸಾಹೇಬ್ರ?” ಎಂದ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದು ತಿಳಿದೆ.

ಮರುದಿನ ಬೆಳಿಗ್ಗೆ ಯಲ್ಲಪ್ಪ ಬಂದ. ಕೂರು ಎಂದರೂ ಕೂರಲಿಲ್ಲ.

“ನಾ ಬರೂವಾಗ ಅಡಿವೆಪ್ಪ ಇನ್ನೂ ಬಂದಿದ್ದಿಲ್ರಿ. ಅಂವ ನನ್ನಕಿಂತ ಭಾಳ ಹಿಂದ ಅದಾನ್ರಿ. ಹಾಜರ್ಯಾಗ ನನ್ನ ಮುಂದ ಇದ್ದಾಂವ ಒಬ್ಬನ ಉಳದಿದ್ದ, ಅಂವ ಹ್ವಾದ ವರ್ಷ ತೀರಿಕೊಂಡ. ಈಗ ನನ್ನ ಪಾಳಿ ಇತ್ರಿ.”

ಹಂಗಾಮಿಯವರನ್ನು ಕಾಯಂ ಮಾಡಲು ನಮ್ಮಲ್ಲಿ ಒಂದು ವಯಸ್ಸಿನ ಮಿತಿ ಇತ್ತು. ಯಲ್ಲಪ್ಪನಿಗೆ ಅದು ಆ ಹಂಗಾಮಿಗೇ ಮುಗಿಯುತ್ತಿತ್ತು. ಅದೂ ಅವನಿಗೆ ಗೊತ್ತಿತ್ತು.

“ವರ್ಷದಾಗ ಅರ್ಧಾ ದಿನಾ ಮನೀಗಿ ಕೀಲಿ ಹಾಕ್ಕೊಂಡು, ಹೇಣ್ತೀನ್ನ ಕರಕೊಂಡು ಗೋವಾಕ್ಕ ಹೋಗತೇನ್ರಿ. ಇನ್ನ ಕಟಕೋಳದಾಗ ಇರಬೇಕು ಅಂತ ಇಬ್ಬರೂ ಮಾತಾಡಕೊಂಡಿದ್ವಿ. ನಿಮ್ಮನ್ನ ಗೇಟಿನ್ಯಾಗ ಕೇಳಿದ್ದೆ, ನನ್ನ ಹೆಸರು ಎಲ್ಲಿ ಬರತೈತಿ ಅಂತ.”

ಪಟ್ಟಿ ತೆರೆದೆ. ಯಲ್ಲಪ್ಪ ಬಾಲದಲ್ಲಿದ್ದ. ಅವನ ಹಿಂದೆ ಮುಂದೆ ಬೇರೆ ಯಲ್ಲಪ್ಪಂದಿರು. ಸವದತ್ತಿ ಗುಡ್ಡದ ಸುತ್ತಿನ ಊರುಗಳಲ್ಲಿ ಗುಡ್ಡದ ದೇವಿಯ ಹೆಸರಿಟ್ಟ ಒಬ್ಬ ಯಲ್ಲಪ್ಪನಿಲ್ಲದ ಮನೆತನ ಅಪರೂಪ. ಇಂಗ್ಲಿಷ್ ಅಕ್ಷರದ ಕ್ರಮ ಅವರನ್ನೆಲ್ಲ ಗುಡಿಸಿ ಕೊನೆಗೆ ತಂದಿತ್ತು. ಎಲ್ಲರ ಸೇರಿದ ತಾರೀಖು ಒಂದೇ ಆಗಿದ್ದರಿಂದ ಕಂಪ್ಯೂಟರ್ ನಾನು ಕೊಟ್ಟ ಸಂಖ್ಯೆಯನ್ನೇ ಹಿರಿತನ ಎಂದು ಹಿಡಿದಿತ್ತು. ನಿಜವಾದ ಹಿರಿತನ ಎಲ್ಲೂ ಬರೆದಿರಲಿಲ್ಲ. ಅದು ಇದ್ದದ್ದು ಪುಸ್ತಕದಲ್ಲಿ ಹೆಸರುಗಳು ಒಂದರ ಕೆಳಗೊಂದು ಕೂತ ಕ್ರಮದಲ್ಲಿ. ಯಾರು ಮೊದಲು ಬಂದರೋ ಅವರ ಹೆಸರು ಮೇಲೆ, ಅಷ್ಟೇ. ಆ ಪುಸ್ತಕವನ್ನು ನಾನು ಒಂದು ಫೋಟೋದ ಆಸೆಗೆ ಕಳೆದಿದ್ದೆ. ಯಲ್ಲಪ್ಪ ಹೋದ ಮೇಲೆ ಬಾಗಿಲು ಮುಚ್ಚಿಕೊಂಡು ಕೂತೆ. ಅಷ್ಟು ವರ್ಷದ ನೌಕರಿಯಲ್ಲಿ ನನ್ನ ಬಗ್ಗೆ ನನಗೇ ಅಷ್ಟು ಹೇಸಿಗೆಯಾದದ್ದು ಅದೇ ಮೊದಲು.

ಮೇಧಾಗೆ ಫೋನ್ ಮಾಡಿದೆ. “ಸರ್, ನಾನು ಕೇಳಿದ್ದೆ,” ಎಂದಳು. ಪಿ.ಎಫ್. ದಾಖಲೆ ತೆಗೆಸಿದೆವು. ಹಳೆಯ ಮಾಲೀಕರ ಕಾಲದಲ್ಲಿ ಎಲ್ಲರನ್ನೂ ಪಿ.ಎಫ್.ಗೆ ಒಟ್ಟಿಗೇ ಸೇರಿಸಿದ್ದರು, ಅಲ್ಲೂ ತಾರೀಖು ಒಂದೇ. ರದ್ದಿ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಮುಖ ನೋಡಿ ನಕ್ಕ, ಪುಸ್ತಕಗಳು ಎಂದೋ ಕೈಬಿಟ್ಟು ಹೋಗಿದ್ದವು.

ಎಂ.ಡಿ.ಯವರ ಮುಂದೆ ನಿಂತು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ.

“ಆದೇಶ ಹೊಂಟೈತಿ. ಅಡಿವೆಪ್ಪಂದೇನ ತಪ್ಪೈತಿ? ಅಂವನ ಕೈಯಾಗಿಂದ ಹ್ಯಾಂಗ ಕಸಕೋತೀರಿ? ಯಲ್ಲಪ್ಪ ಹಿರ್ಯಾ ಅಂತ ಎಲ್ಲಾರೂ ಒಪ್ಪೂವಂಗ ತೋರಸ್ರಿ. ಇಲ್ಲಾಂದ್ರ ಇದು ಹಿಂಗ ಇರತೈತಿ.”

ಸವದತ್ತಿಗೆ ಹೋದೆ. ಮಾಬೂಸಾಬರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಅದು ನನಗೆ ಇನ್ನೂ ಕಷ್ಟವಾಯಿತು. ಕಾಗದ ಪೆನ್ನು ಮುಂದಿಟ್ಟು, ಹೆಸರುಗಳನ್ನು ಕ್ರಮವಾಗಿ ಬರೆದುಕೊಡಿ ಎಂದು ಕೇಳಿದೆ. ಹತ್ತು ಹೆಸರು ಹೇಳಿದರು, ಹನ್ನೊಂದಕ್ಕೆ ನಿಂತರು. ಮತ್ತೆ ಮೊದಲಿನಿಂದ ಹೇಳಿದರು, ಮತ್ತೆ ಅಲ್ಲೇ ನಿಂತರು.

“ಹಿಂಗ ಕುಂತು ಹೇಳು ಅಂದ್ರ ಬರೂದಿಲ್ರಿ ಸಾಹೇಬ್ರ. ಮಂದೀನ್ನ ನನ್ನ ಮುಂದ ನಿಂದರಸ್ರಿ. ‘ಅದೀನ್ರಿ’ ಅಂದಾಂವನ ದನಿ ಕೇಳಿದ್ರ ಮುಂದಿನ ಹೆಸರು ತಾನ ಬರತೈತಿ.”

ಮಿಲ್ಲನ್ನು ಸ್ವಚ್ಛ ಮಾಡಲು ನಿಲ್ಲಿಸುವ ದಿನ ಮೂರೂ ಪಾಳಿಯವರನ್ನು ಕಬ್ಬಿನ ಯಾರ್ಡಿಗೆ ಕರೆದೆ. ಮೊದಲು ನಾನು ಮಾತಾಡಿದೆ. ಒಂದು ಹಾಳೆಯೂ ಇರಲಿಲ್ಲ. ಪುಸ್ತಕ ರದ್ದಿಗೆ ಹಾಕಿದವನು ನಾನು, ಪಟ್ಟಿ ತಪ್ಪಿದ್ದು ನನ್ನಿಂದ, ಕಂಪ್ಯೂಟರಿನದ್ದೇನೂ ತಪ್ಪಿಲ್ಲ ಎಂದು ಹೇಳಿದೆ. ನನ್ನ ನೌಕರಿಯಲ್ಲಿ ಎಲ್ಲರಿಗೂ ಒಂದೇ ಸಲಕ್ಕೆ ತಿಳಿದ ಭಾಷಣ ಅದೊಂದೇ.

ಅಡಿವೆಪ್ಪ ಹಿಂದೆ ಟ್ರ್ಯಾಕ್ಟರಿನ ಪಕ್ಕ ನಿಂತಿದ್ದ. ಆದೇಶದ ಕಾಗದ ಅವನ ಅಂಗಿಯ ಕಿಸೆಯಲ್ಲಿ ಕಾಣುತ್ತಿತ್ತು.

ಮಾಬೂಸಾಬರು ಬರಿಗೈಯಲ್ಲಿ ನಿಂತು ಕೂಗತೊಡಗಿದರು. ಮೊದಲ ಹೆಸರಿಗೆ ಯಾರೂ ಓಗೊಡಲಿಲ್ಲ. ಯಲ್ಲಪ್ಪ, ಪದ್ಧತಿಯಂತೆ, “ಅಂವ ತೀರಿಕೊಂಡಾನ್ರಿ,” ಎಂದ. ಎರಡನೆಯ ಹೆಸರು ಯಲ್ಲಪ್ಪನದೇ. “ಅದೀನ್ರಿ” ಎಂದು ಮುಂದೆ ಬಂದು, ತೀರಿಕೊಂಡವನಿಗೆ ಒಂದು ಆಳಿನ ಜಾಗ ಬಿಟ್ಟು ನಿಂತ. ಆಮೇಲೆ ಹೆಸರುಗಳು ಸರಾಗ ಬಂದವು. ಎಲ್ಲೋ ಒಂದು ಕಡೆ ಮಾಬೂಸಾಬರು ತಡವರಿಸಿದರೆ, ನಿಂತವನೇ ತನ್ನ ಹಿಂದಿನವನನ್ನು ಕೈಹಿಡಿದು ಎಳೆದು ನಿಲ್ಲಿಸಿಕೊಳ್ಳುತ್ತಿದ್ದ. ಬಿಟ್ಟುಹೋದವರಿಗೆ, ಸತ್ತವರಿಗೆ ಜಾಗ ಬಿಟ್ಟರು. ಯಾರೂ ಯಾರ ಜಾಗಕ್ಕೂ ಜಗಳ ತೆಗೆಯಲಿಲ್ಲ.

ಸಾಲು ಯಾರ್ಡಿನ ಅರ್ಧ ದಾಟಿದ ಮೇಲೆ ಅಡಿವೆಪ್ಪನ ಹೆಸರು ಬಂತು. ಮಾಬೂಸಾಬರು ಒಂದು ಸಲ ಕೂಗಿದರು. ಇನ್ನೊಂದು ಸಲ ಕೂಗಿದರು. ಅವನ ಹಿಂದಿನ ಹೆಸರಿನವನು ಅವನ ಪರವಾಗಿ ಏನು ಹೇಳಬೇಕೆಂದು ತೋಚದೆ ನೆಲ ನೋಡುತ್ತಿದ್ದ. ಅಡಿವೆಪ್ಪ ಸುಮ್ಮನೆ ಮನೆಗೆ ಹೋಗಿದ್ದರೂ ನಾನು ಏನೂ ಮಾಡುವಂತಿರಲಿಲ್ಲ. ಆದೇಶ ಅವನದು, ಸಹಿ ನನ್ನದು.

“ಅದೀನ್ರಿ.”

ನಡೆದು ಬಂದ. ನನ್ನ ಹತ್ತಿರ ನಿಂತು ಕಾಗದ ತೆಗೆದು ಕೈಗೆ ಕೊಟ್ಟ.

“ನಾ ಆವತ್ತ ಕೇಳಿದ್ದೆನಲ್ರಿ, ನನಗೇನ್ರಿ ಅಂತ. ಎರಡ ಸಲ ಕೇಳಿದೆ. ನನ್ನ ಮುಂದ ಇಷ್ಟು ಮಂದಿ ಅದಾರ್ರಿ.”

ಹೋಗಿ ತನ್ನ ಜಾಗದಲ್ಲಿ ನಿಂತ. ನನ್ನ ಕಣ್ಣು ತುಂಬಿತು, ಮರೆಮಾಡಲು ಹೋಗಲಿಲ್ಲ. ಮೇಧಾ ಸಾಲಿನ ಉದ್ದಕ್ಕೂ ನಡೆಯುತ್ತ, ಒಬ್ಬೊಬ್ಬರ ಹೆಸರಿನ ಎದುರು ‘ಮುಂದಿನವರು ಯಾರು’ ಎಂಬ ಹೊಸ ಖಾನೆ ತುಂಬಿಕೊಂಡಳು. ಅಂಥ ಖಾನೆ ಬೇರೆ ಯಾವ ಕಂಪನಿಯ ಸಾಫ್ಟ್‌ವೇರ್‌ನಲ್ಲೂ ಇಲ್ಲ ಎಂದು ಅವಳು ಈಗಲೂ ಹೇಳುತ್ತಾಳೆ. ಯಲ್ಲಪ್ಪ ಆ ತಿಂಗಳೇ ಕಾಯಂ ಆದ. ಅವನ ಹೆಂಡತಿ ಕಟಕೋಳದಿಂದ ಒಂದು ಡಬ್ಬಿ ಕರದಂಟು ಕಳಿಸಿದಳು. ತಿನ್ನಲು ನನಗೆ ಯೋಗ್ಯತೆ ಇರಲಿಲ್ಲ, ಆದರೂ ತಿಂದೆ.

ಕೆಲವು ಹಂಗಾಮುಗಳಾದ ಮೇಲೆ ಕಾರ್ಖಾನೆಗೆ ಡಿಸ್ಟಿಲರಿ ಬಂತು, ಕಾಯಂ ಜಾಗಗಳು ಒಂದಾದ ಮೇಲೊಂದು ತೆರೆದವು. ನಾನು ನಿವೃತ್ತನಾಗುವ ವರ್ಷ ಪಟ್ಟಿಯ ಮೇಲೆ ಮತ್ತೆ ಅಡಿವೆಪ್ಪನ ಹೆಸರು ಬಂತು. ಆದೇಶವನ್ನು ಟೈಪ್ ಮಾಡಿಸಿ ಅವನನ್ನು ಕರೆಸಿದೆ. ಕಾಗದ ಚಾಚಿದೆ. ಅವನು ಕೈ ಮುಂದೆ ಮಾಡಲಿಲ್ಲ.

“ಈಗ ನನ್ನ ಮುಂದ ಯಾರೂ ಇಲ್ಲಲ್ರಿ ಸಾಹೇಬ್ರ?”

ಅವನ ಮುಂದಿದ್ದು ಈಗಾಗಲೇ ಕಾಯಂ ಆದವರ ಪಟ್ಟಿ ತೆರೆದು ಪರದೆಯನ್ನು ಅವನ ಕಡೆ ತಿರುಗಿಸಿದೆ. ಅವನು ಬೆರಳಿಟ್ಟು ಮೇಲಿನಿಂದ ಕೆಳಗೆ ನಿಧಾನವಾಗಿ ನೋಡಿದ. ನೋಡಿ ಮುಗಿಸಿದ ಮೇಲೆ ಎರಡೂ ಕೈಯಲ್ಲಿ ಕಾಗದ ತೆಗೆದುಕೊಂಡ.